ಕಟ್ಟು ಬಿಚ್ಚುವ ಕೆಲಸ ನಮ್ಮದು

ಭಾನುವಾರದ ಆರಾಧನೆಯ ಸಂದೇಶ, ಮಂಡ್ಯ
ವಾಕ್ಯಭಾಗ: ಯೋಹಾನ 11:38-44

ಮದ್ದೂರಿನಿಂದ, ಮಳವಳ್ಳಿಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದ ಕುಟುಂಬಗಳನ್ನು ಕರ್ತನು ಆಶೀರ್ವದಿಸಲಿ. ಎಲ್ಲರೂ ಒಂದು ಸಾರಿ ಹಲ್ಲೆಲೂಯ ಹೇಳೋಣ. [ಸಭೆ: ಹಲ್ಲೆಲೂಯ]

ಪ್ರತಿ ವಾರ ಈ ಹೊತ್ತಿಗೆ ಹಿಂದಿನ ಕೋಣೆಗೆ ಹೋಗುವ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳನ್ನ ಇವತ್ತು ಇಲ್ಲೇ ಕೂರಿಸಿಕೊಳ್ಳಿ ಅಂತ ಕೇಳಿಕೊಂಡಿದ್ದೆ. ಸಂದೇಶ ಅವರ ವಿಷಯದಲ್ಲಿ. ಆದರೆ ಮಾತು ಹೆಚ್ಚಾಗಿ ದೊಡ್ಡವರಿಗೆ. ಮಕ್ಕಳೇ, ನೀವು ಕೇಳಿಸಿಕೊಳ್ಳಿ. ಅಪ್ಪಂದಿರೇ, ಅಮ್ಮಂದಿರೇ, ನೀವು ಮಧ್ಯದಲ್ಲಿ ಎದ್ದು ಹೋಗಬೇಡಿ.

ಯೋಹಾನ ಸುವಾರ್ತೆ 11ನೇ ಅಧ್ಯಾಯ ತೆಗೀರಿ. ಬೇಥಾನ್ಯದ ಲಾಜರ ಸತ್ತು ನಾಲ್ಕು ದಿನ ಆಗಿದೆ. ಈ ಭಾಗವನ್ನ ನಾವು ಎಷ್ಟೋ ಸಾರಿ ಕೇಳಿದ್ದೀವಿ. ಇವತ್ತು ಒಂದೇ ವಿಷಯ ಗಮನಿಸಿ. ಅಲ್ಲಿ ಮೂರು ಕೆಲಸ ನಡೀತದೆ. ಮೊದಲನೆಯದು, ಕಲ್ಲು ಸರಿಸೋದು. 39ನೇ ವಚನ ನೋಡಿ, ಆ ಕೆಲಸವನ್ನ ಕರ್ತನು ಅಲ್ಲಿ ನಿಂತಿದ್ದ ಜನಕ್ಕೆ ಹೇಳಿದನು. ಎರಡನೆಯದು, ಸತ್ತವನನ್ನ ಎಬ್ಬಿಸೋದು. ಅದನ್ನ ಕರ್ತನೇ ಮಾಡಿದನು, ಬೇರೆ ಯಾರ ಕೈಲೂ ಆಗೋದಿಲ್ಲ. ಲಾಜರ ಹೊರಗೆ ಬಂದ, ಜೀವ ಇದೆ. ಆದರೆ ಕೈಕಾಲಿಗೆ ಬಟ್ಟೆ ಸುತ್ತಿದೆ, ಮುಖಕ್ಕೂ ಬಟ್ಟೆ ಕಟ್ಟಿದೆ. ನಡೆಯೋದಕ್ಕೆ ಆಗ್ತಿಲ್ಲ, ಕಣ್ಣು ಕಾಣಿಸ್ತಿಲ್ಲ. ಆಗ ಮೂರನೆಯ ಕೆಲಸ. ಅವನನ್ನ ಬಿಡಿಸಿ, ಹೋಗೋದಕ್ಕೆ ಬಿಡಿ ಅಂತ ಕರ್ತನು ಮತ್ತೆ ಸುತ್ತ ಇದ್ದವರ ಕಡೆಗೇ ತಿರುಗಿದನು.

ಸತ್ತವನನ್ನ ಎಬ್ಬಿಸಿದ ದೇವರಿಗೆ ಒಂದು ಬಟ್ಟೆ ಬಿಚ್ಚೋದು ಕಷ್ಟವಾ? ಅಲ್ಲ. ಆದರೂ ಆ ಕೆಲಸವನ್ನ ಜನಕ್ಕೆ ಬಿಟ್ಟುಕೊಟ್ಟನು. ನಮ್ಮ ಮಕ್ಕಳಿಗೆ ಜೀವ ಕೊಟ್ಟಿದ್ದು ದೇವರು. ಅವರ ಮೇಲೆ ಸುತ್ತಿರೋ ಕಟ್ಟು ಬಿಚ್ಚೋ ಕೆಲಸ ನಮ್ಮದು. ಆಮೆನ್? [ಸಭೆ: ಆಮೆನ್]

1. ಕಟ್ಟಿದ್ದು ಯಾರು?

ಯಾವ ಮಗುವೂ ಹುಟ್ಟುವಾಗಲೇ "ನಾನು ಪ್ರಯೋಜನಕ್ಕೆ ಬಾರದವನು" ಅಂತ ಅಂದುಕೊಂಡು ಹುಟ್ಟೋದಿಲ್ಲ. ಅದನ್ನ ಯಾರೋ ಹೇಳಿಕೊಡಬೇಕು.

ಅರಣ್ಯಕಾಂಡ 13ನೇ ಅಧ್ಯಾಯದಲ್ಲಿ ಮೋಶೆ ಹನ್ನೆರಡು ಜನರನ್ನ ಕಾನಾನ್ ದೇಶ ನೋಡಿ ಬರೋದಕ್ಕೆ ಕಳಿಸ್ತಾನೆ. ಹತ್ತು ಜನ ಬಂದು ಹೇಳಿದ್ದೇನು? ಅಲ್ಲಿ ದೊಡ್ಡ ಆಳುಗಳಿದ್ದಾರೆ, ಅವರ ಮುಂದೆ ನಾವು ಮಿಡತೆಗಳ ಹಾಗೆ. 33ನೇ ವಚನವನ್ನ ಮನೇಲಿ ನಿಧಾನವಾಗಿ ಓದಿ. ಮೊದಲು ತಮ್ಮ ಕಣ್ಣಿಗೆ ತಾವೇ ಮಿಡತೆ ಆದರು. ಅವರ ಕಣ್ಣಿಗೂ ನಾವು ಹಾಗೇ ಕಂಡೆವು ಅನ್ನೋದು ಆಮೇಲೆ ಬಂತು. ಹತ್ತು ಬಾಯಿ ಆಡಿದ ಮಾತಿಗೆ ಇಡೀ ಪಾಳೆಯ ರಾತ್ರಿಯೆಲ್ಲಾ ಅತ್ತಿತು. ಕೆಂಪು ಸಮುದ್ರ ದಾಟಿದ ಜನ ಅವರು! ಒಂದು ಗುಂಪು ಸೇರಿ ಜನರ ಧೈರ್ಯವನ್ನ ಹೇಗೆ ಮುರಿಯಬಹುದು ಅಂತ ಇಲ್ಲಿ ಕಾಣ್ತದೆ.

ಈಗ ನಮ್ಮ ಮನೆಗಳಿಗೆ ಬರೋಣ. "ಏನ್ಲಾ, ನಿನ್ ತಲೇಲಿ ಸಗಣಿ ತುಂಬದಾ?" "ಎಮ್ಮೆ ಕಾಯಕ್ಕೇ ಲಾಯಕ್ಕು ಕಣ್ಲಾ ನೀನು." "ಪಕ್ಕದ್ಮನೆ ಹುಡ್ಗನ್ನ ನೋಡ್ ಕಲ್ತ್ಕೋ." "ಇಷ್ಟ್ ಕಪ್ಪುಗಿದ್ದೀಯಲ್ಲ, ಯಾರ್ ಕಟ್ಕೋತಾರವ್ವ ನಿನ್ನ?" ನಗಬೇಡಿ. ಈ ಸಾಲಿನಲ್ಲಿ ಕೂತಿರೋ ಮಕ್ಕಳು ನಗ್ತಾ ಇಲ್ಲ, ನೋಡಿ.

ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಲೋಡು ಹೇಗೆ ಹೋಗ್ತದೆ ಅಂತ ಎಲ್ಲರಿಗೂ ಗೊತ್ತು. ಟ್ರ್ಯಾಕ್ಟರು ಮೈಶುಗರ್ ಫ್ಯಾಕ್ಟರಿ ಗೇಟಿನೊಳಗೆ ಹೋಗಿ ತೂಕದ ಯಂತ್ರದ ಮೇಲೆ ನಿಲ್ಲುತ್ತೆ. ಎಷ್ಟು ಟನ್ನು, ಅಷ್ಟು ದುಡ್ಡು. ಕಬ್ಬಿಗೆ ಅದು ಸರಿ. ಆದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಾವು ಮಗನನ್ನ, ಮಗಳನ್ನ ಅದೇ ಯಂತ್ರದ ಮೇಲೆ ನಿಲ್ಲಿಸ್ತೀವಿ. 625ಕ್ಕೆ ಎಷ್ಟು? ಅಷ್ಟೇ ಅವನ ಬೆಲೆ. 2024ರಲ್ಲಿ ಸರ್ಕಾರ ಪರೀಕ್ಷೆ ಒಂದು, ಎರಡು, ಮೂರು ಅಂತ ಮಾಡಿತು. ಒಂದು ಸಾರಿ ಆಗದಿದ್ರೆ ಇನ್ನೊಂದು ಸಾರಿ ಬರೀರಿ ಅಂತ ಶಿಕ್ಷಣ ಇಲಾಖೆಯೇ ಅವಕಾಶ ಕೊಟ್ಟಿತು. ನಮ್ಮ ಮನೇಲಿ ಎಷ್ಟು ಅವಕಾಶ ಕೊಡ್ತೀವಿ?

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಲಾರೆ. 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು, ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ನೋಡಿ, ಹೆಣ್ಣಾದರೆ ತೆಗೆಸೋ ಜಾಲವನ್ನ ಬೆಂಗಳೂರು ಪೊಲೀಸರು ಹಿಡಿದರು. ಪೇಪರಿನಲ್ಲಿ, ಟಿವಿಯಲ್ಲಿ ದಿನಗಟ್ಟಲೆ ಬಂತು. ದೊಡ್ಡವರು ಓದಿ ಪೇಪರ್ ಮಡಿಸಿಟ್ಟರು. ಅದನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೂ ಓದಿದಳು. ಬೆಲ್ಲ ಮಾಡೋ ಜಾಗದಲ್ಲಿ ನನ್ನಂಥವರನ್ನ ಬೇಡ ಅಂದರಲ್ಲ ಅಂತ ಅವಳ ಮನಸ್ಸಿಗೆ ಬರೋದಿಲ್ವಾ? ಆಮೇಲೆ ಮನೇಲಿ ಅಜ್ಜಿ, "ಇದೂ ಹೆಣ್ಣಾ, ಹೋಗ್ಲಿ ಬಿಡು" ಅಂದಾಗ ಆ ಬಟ್ಟೆ ಇನ್ನೊಂದು ಸುತ್ತು ಬಿಗಿಯಾಗ್ತದೆ. ಊರಲ್ಲಿ "ನೀನ್ಯಾವ ಕೇರಿಯವನು" ಅಂತ ಕೇಳಿಸಿಕೊಂಡು ಬೆಳೆಯೋ ಮಕ್ಕಳೂ ಈ ಸಭೆಯಲ್ಲಿ ಇದ್ದಾರೆ. ಅದೂ ಒಂದು ಸುತ್ತು.

ಕೊಲೊಸ್ಸೆಯವರಿಗೆ 3:21ರಲ್ಲಿ ಪೌಲನು ನೇರವಾಗಿ ತಂದೆಗಳಿಗೆ ಬರೀತಾನೆ. ಮಕ್ಕಳನ್ನ ಕೆಣಕಬೇಡಿ, ಅವರ ಮನಸ್ಸು ಕುಗ್ಗಿಹೋಗ್ತದೆ ಅನ್ನೋದು ಅದರ ತಾತ್ಪರ್ಯ. ಇವತ್ತಿನ ಮನಶ್ಶಾಸ್ತ್ರ ಹುಟ್ಟೋದಕ್ಕೆ ಎಷ್ಟೋ ಶತಮಾನ ಮುಂಚೆಯೇ ಬರೆದ ಮಾತು ಅದು.

ಇಲ್ಲಿ ಒಬ್ಬ ಹಿರಿಯರು ನನ್ನನ್ನ ಕೇಳಿದ್ದುಂಟು: "ಪಾಸ್ಟ್ರೇ, ಆತ್ಮಗೌರವ ಅಂತೆಲ್ಲಾ ಹೇಳ್ಕೊಟ್ರೆ ಮಕ್ಕಳಿಗೆ ಗರ್ವ ಬರಲ್ವಾ? ತಗ್ಗಿಸಿಕೊಳ್ಳಬೇಕು ಅಂತ ಅಲ್ವಾ ವಾಕ್ಯ ಹೇಳೋದು?" ಒಳ್ಳೆ ಪ್ರಶ್ನೆ. ರೋಮಾಪುರದವರಿಗೆ 12:3 ನೋಡಿ. ಯೋಗ್ಯತೆಗೆ ಮೀರಿ ಭಾವಿಸಿಕೊಳ್ಳಬೇಡಿ ಅಂತ ಇದೆ, ನಿಜ. ಅಲ್ಲಿಗೇ ನಿಲ್ಲಿಸಬೇಡಿ. ಸ್ವಸ್ಥವಾದ ಬುದ್ಧಿಯಿಂದ ನಿಮ್ಮನ್ನ ನೀವು ಎಣಿಸಿಕೊಳ್ಳಿ ಅಂತಲೂ ಇದೆ. ಇದ್ದದ್ದನ್ನ ಇದ್ದ ಹಾಗೆ ನೋಡೋದು. 1965ರಲ್ಲಿ ಅಮೆರಿಕದ ಮಾರಿಸ್ ರೋಸನ್‌ಬರ್ಗ್ ಅನ್ನೋ ಸಮಾಜಶಾಸ್ತ್ರಜ್ಞ ಹದಿಹರೆಯದ ಮಕ್ಕಳ ಆತ್ಮಗೌರವ ಅಳೆಯೋದಕ್ಕೆ ಹತ್ತು ವಾಕ್ಯಗಳ ಒಂದು ಪಟ್ಟಿ ಮಾಡಿದ. ಇವತ್ತಿಗೂ ಬಳಕೆಯಲ್ಲಿದೆ. ಎಲ್ಲರಿಗಿಂತ ನಾನೇ ಮೇಲು ಅನ್ನೋದನ್ನ ಅವನು ಆತ್ಮಗೌರವ ಅಂತ ಎಣಿಸಲಿಲ್ಲ. ಬೇರೆಯವರಷ್ಟೇ ನನಗೂ ಬೆಲೆ ಇದೆ ಅನ್ನೋದನ್ನ ಎಣಿಸಿದ. ತಗ್ಗಿ ನಡೆಯೋನು ಬೇರೆ, ತುಳಿದು ಹಾಕಿದವನು ಬೇರೆ. ತುಳಿದು ಹಾಕಿದ ಮಗುವನ್ನ ತೋರಿಸಿ "ಎಷ್ಟು ತಗ್ಗಿದ ಮಗು" ಅಂತ ಮೆಚ್ಚಿಕೊಳ್ಳಬೇಡಿ.

2. ತನ್ನ ಕಟ್ಟನ್ನು ತಾನೇ ಬಿಚ್ಚೋದಕ್ಕೆ ಆಗೋದಿಲ್ಲ

ಲಾಜರನ ಕೈಯೇ ಕಟ್ಟಿದೆ. "ಬಿಚ್ಕೊಳ್ಳಪ್ಪ" ಅಂದರೆ ಹೇಗೆ ಬಿಚ್ಚಿಕೊಂಡಾನು? ಮನಸ್ಸು ಕುಗ್ಗಿದ ಮಗುವಿಗೆ ನಾವು ಹೇಳೋದು ಅದನ್ನೇ. "ಧೈರ್ಯವಾಗಿರು." "ಅದನ್ನೆಲ್ಲಾ ತಲೆಗೆ ಹಾಕ್ಕೋಬೇಡ." "ನಂಬಿಕೆ ಇಟ್ಟು ಪ್ರಾರ್ಥನೆ ಮಾಡು, ಎಲ್ಲಾ ಸರಿಹೋಗ್ತದೆ." ಪ್ರಾರ್ಥನೆ ಮಾಡಬೇಕು, ನಾನೂ ಮಾಡ್ತೀನಿ. ಆದರೆ ಪ್ರಾರ್ಥನೆ ಮಾಡು ಅಂತ ಹೇಳಿ ನಾವು ಕೈತೊಳಕೊಂಡರೆ ಕರ್ತನು ನಮಗೆ ಕೊಟ್ಟ ಮೂರನೇ ಕೆಲಸ ಬಾಕಿ ಉಳೀತದೆ.

ಗುಂಪಿನಿಂದ ಬಂದ ಗಾಯಕ್ಕೆ ಗುಂಪಿನಲ್ಲೇ ಔಷಧಿ ಇದೆ. ವೈದ್ಯರು ಇದಕ್ಕೆ ಗ್ರೂಪ್ ಥೆರಪಿ, ಗುಂಪು ಚಿಕಿತ್ಸೆ ಅಂತಾರೆ. ಇದು ಎಲ್ಲಿಂದ ಶುರುವಾಯ್ತು ಅಂತ ತಿಳಿದರೆ ನಿಮಗೆ ಆಶ್ಚರ್ಯ ಆಗಬಹುದು. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಪ್ರಾಟ್ ಅನ್ನೋರು ಬಡ ಕ್ಷಯರೋಗಿಗಳನ್ನ ವಾರಕ್ಕೊಂದು ಸಾರಿ ಒಟ್ಟಿಗೆ ಕೂರಿಸೋದಕ್ಕೆ ಶುರುಮಾಡಿದರು. ದುಡ್ಡಿದ್ದವರು ಬೆಟ್ಟದ ಮೇಲಿನ ಆಸ್ಪತ್ರೆಗೆ ಹೋಗ್ತಿದ್ದ ಕಾಲ, ಇವರಿಗೆ ಅದಕ್ಕೆ ಗತಿ ಇರಲಿಲ್ಲ. ಔಷಧಿ, ಊಟ, ಗಾಳಿಬೆಳಕಿನ ವಿಷಯ ಹೇಳಿಕೊಡೋದು ಅವರ ಉದ್ದೇಶವಾಗಿತ್ತು. ಆದರೆ ಒಂದೇ ರೋಗದವರು ಒಂದೇ ಕೋಣೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿದ್ದರಿಂದಲೇ ಅವರ ಕುಗ್ಗಿದ ಮನಸ್ಸಿಗೆ ಬಲ ಬಂತು. ಗುಂಪು ಚಿಕಿತ್ಸೆಯ ಆರಂಭ ಇಲ್ಲಿಂದ ಅಂತ ಪಠ್ಯಪುಸ್ತಕಗಳು ಹೇಳ್ತವೆ. ಆ ಕೆಲಸಕ್ಕೆ ಬೆನ್ನಾಗಿ ನಿಂತದ್ದು ಯಾರು ಗೊತ್ತಾ? ಅದೇ ಊರಿನ ಇಮ್ಮಾನುಯೇಲ್ ಚರ್ಚು. ಹಲ್ಲೆಲೂಯ! ಇದು ಲೋಕದ ವಿದ್ಯೆ, ಸಭೆಗೆ ಬೇಡ ಅನ್ನೋರು ಇದನ್ನ ನೆನಪಿಟ್ಟುಕೊಳ್ಳಿ.

3. ಬಿಚ್ಚೋದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಭೆಯ ಒಂಬತ್ತು ಮಕ್ಕಳು ಆರು ಶನಿವಾರ ಹಿಂದಿನ ಕೋಣೆಯಲ್ಲಿ ವೃತ್ತವಾಗಿ ಕೂತರು. ಕೌನ್ಸೆಲಿಂಗ್ ಕಲಿತ ನಮ್ಮ ಒಬ್ಬ ಸಹೋದರಿ ನಡೆಸಿಕೊಟ್ಟರು, ಜೊತೆಗೆ ಒಬ್ಬ ಸಹೋದರ ಕೂತರು. ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬರೇ ಇರಬಾರದು. ನಾನು ಒಳಗೆ ಹೋಗಲಿಲ್ಲ. ಪಾಸ್ಟರ್ ಕೂತರೆ ಮಕ್ಕಳು ಪಾಸ್ಟರಿಗೆ ಬೇಕಾದ ಉತ್ತರ ಕೊಡ್ತಾರೆ, ಅಲ್ವಾ? ಅದಕ್ಕೇ ನನ್ನ ಕೆಲಸ ಹೊರಗೆ ಟೀ, ಬನ್ನು ತಂದಿಡೋದು ಅಷ್ಟೇ.

ಅಲ್ಲಿ ಕೆಲವು ನಿಯಮ ಇತ್ತು. ಒಳಗೆ ಆಡಿದ ಮಾತು ಒಳಗೇ ಇರಬೇಕು. ಅದಕ್ಕೆ ಒಂದೇ ವಿನಾಯಿತಿ: ಯಾರ ಜೀವಕ್ಕಾದರೂ ಅಪಾಯ ಇದ್ದರೆ, ಯಾರಾದರೂ ಮಗುವಿಗೆ ಕೆಟ್ಟದ್ದು ಮಾಡ್ತಿದ್ದರೆ, ದೊಡ್ಡವರಿಗೆ ತಿಳಿಸಲೇಬೇಕು. ಇದನ್ನ ಮಕ್ಕಳಿಗೆ ಮೊದಲ ದಿನವೇ ಹೇಳಿದ್ರು. ಯಾರೂ ನಗಬಾರದು, ಕೇಳದೆ ಬುದ್ಧಿ ಹೇಳಬಾರದು. ಮಾತಾಡೋದಕ್ಕೆ ಇಷ್ಟ ಇಲ್ಲದಿದ್ರೆ "ಪಾಸ್" ಅಂದರೆ ಸಾಕು. ಮಧ್ಯದಲ್ಲಿ ಹೊಸಬರನ್ನ ಸೇರಿಸೋದಿಲ್ಲ, ಅದೇ ಒಂಬತ್ತು ಮುಖ ಆರು ವಾರ.

ಎರಡನೇ ವಾರ ಒಂದು ಕೆಲಸ ಮಾಡಿಸಿದ್ರು. ಇದನ್ನ ನಿಮಗೆ ಹೇಳಬಹುದು ಅಂತ ಒಂಬತ್ತು ಮಕ್ಕಳೂ ಒಪ್ಪಿಕೊಂಡ ಮೇಲೆ ಹೇಳ್ತಾ ಇದ್ದೀನಿ. ನಿಮಗೆ ತುಂಬಾ ನೋವು ಕೊಟ್ಟ ಒಂದು ಮಾತನ್ನ ಹೆಸರು ಹಾಕದೆ ಚೀಟಿಯಲ್ಲಿ ಬರೀರಿ ಅಂದರು. ಚೀಟಿಗಳನ್ನ ಸ್ಟೀಲ್ ಡಬ್ಬಿಗೆ ಹಾಕಿ ಕಲಸಿ, ಒಂದೊಂದಾಗಿ ತೆಗೆದು ಓದಿದರು. ಒಂಬತ್ತು ಚೀಟಿಯಲ್ಲಿ ನಾಲ್ಕರಲ್ಲಿ ಒಂದೇ ಪದ ಇತ್ತು. "ದಂಡ."

ನಾಲ್ಕು ಬೇರೆ ಬೇರೆ ಮನೆ, ಪ್ರಿಯರೇ. ಒಬ್ಬೊಬ್ಬ ಮಗುವೂ ಈ ಮಾತು ನನಗೊಬ್ಬನಿಗೇ, ನನ್ನಲ್ಲೇ ಏನೋ ಕೊರತೆ ಇದೆ ಅಂತ ಅಂದುಕೊಂಡು ಇಟ್ಟುಕೊಂಡಿತ್ತು. ಡಬ್ಬಿಯಿಂದ ಮೂರನೇ ಸಾರಿ ಅದೇ ಪದ ಬಂದಾಗ ಮಕ್ಕಳು ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರಂತೆ. ನನಗೊಬ್ಬನಿಗೇ ಅಲ್ಲ ಅಂತ ತಿಳಿಯೋದು ಇದೆಯಲ್ಲ, ಮುಖದ ಮೇಲಿನ ಬಟ್ಟೆ ಮೊದಲು ಬಿಚ್ಚೋದೇ ಅಲ್ಲಿ. ಅದನ್ನ ಒಬ್ಬನೇ ಕೂರಿಸಿ ಎಷ್ಟು ಉಪದೇಶ ಮಾಡಿದ್ರೂ ಕೊಡೋದಕ್ಕೆ ಆಗೋದಿಲ್ಲ.

ಮುಂದಿನ ವಾರಗಳಲ್ಲಿ ಇನ್ನೊಂದು ಕಲಿಸಿದ್ರು, ನಡೆದದ್ದು ಬೇರೆ, ನಾನು ಅಂದುಕೊಂಡದ್ದು ಬೇರೆ ಅಂತ. "ಗಣಿತದಲ್ಲಿ 19 ಬಂತು" ಅನ್ನೋದು ನಡೆದದ್ದು. "ನಾನು ದಡ್ಡ" ಅನ್ನೋದು ಅಂದುಕೊಂಡದ್ದು. ಮೊದಲನೆಯದಕ್ಕೆ ದಾರಿ ಇದೆ. ಟ್ಯೂಷನ್ ಇದೆ, ಇನ್ನೊಂದು ಪರೀಕ್ಷೆ ಇದೆ. ಎರಡನೆಯದಕ್ಕೆ ಅಂಟಿಕೊಂಡವನಿಗೆ ಪುಸ್ತಕ ತೆಗೆಯೋ ಮನಸ್ಸೇ ಬರೋದಿಲ್ಲ.

ಕೊನೆಯ ವಾರಗಳಲ್ಲಿ ಒಬ್ಬೊಬ್ಬರ ಬಗ್ಗೆಯೂ ಉಳಿದ ಎಂಟು ಜನ ತಾವು ಕಣ್ಣಾರೆ ಕಂಡ ಒಂದೊಂದು ಒಳ್ಳೇದು ಬರೆದುಕೊಡಬೇಕಿತ್ತು. "ನೀನು ಒಳ್ಳೆ ಹುಡುಗ" ಅಂತ ಬರೆದರೆ ಆ ಸಹೋದರಿ ವಾಪಸ್ಸು ಕೊಡ್ತಿದ್ರು. ಬರೀ ಹೊಗಳಿಕೆಯನ್ನ ಮಕ್ಕಳು ನಂಬೋದಿಲ್ಲ. "ಮೊನ್ನೆ ಬಸ್ಸಲ್ಲಿ ಅಜ್ಜಿ ಮೂಟೆ ಇಳಿಸಿಕೊಟ್ಟೆ, ನಾನು ನೋಡ್ದೆ" ಅಂತ ಬರೆದರೆ ನಂಬ್ತಾರೆ. ನಡೆದದ್ದನ್ನ ಯಾರೂ ಅಲ್ಲಗಳೆಯೋದಕ್ಕೆ ಆಗೋದಿಲ್ಲ.

ಒಬ್ಬಳು ಹುಡುಗಿ ಮೂರು ವಾರ "ಪಾಸ್" ಅಂತ ಮಾತ್ರ ಹೇಳಿದಳು. ನಾಲ್ಕನೇ ವಾರ ಮಾತಾಡಿದಳು. ಏನು ಮಾತಾಡಿದಳು ಅನ್ನೋದು ಆ ಕೋಣೆಯಲ್ಲೇ ಇದೆ. ಆಮೇಲೆ ಅವಳೇ ನನ್ನ ಹತ್ರ ಬಂದು ಇಷ್ಟು ಹೇಳಬಹುದು ಅಂದಳು: "ಪಾಸ್ಟರಂಕಲ್, ಪಾಸ್ ಅಂದಾಗ ಯಾರೂ ಬಲವಂತ ಮಾಡ್ಲಿಲ್ಲ. ಅದಕ್ಕೇ ಮಾತಾಡ್ದೆ." ಆರು ವಾರಕ್ಕೆ ಎಲ್ಲಾ ಸರಿಹೋಯ್ತು ಅಂತ ನಾನು ಸಾಕ್ಷಿ ಹೇಳೋದಿಲ್ಲ. ಕೆಲವರ ಮಾರ್ಕ್ಸು ಇನ್ನೂ ಕಡಿಮೆಯೇ ಇದೆ. ಒಬ್ಬ ಹುಡುಗ ಇನ್ನೂ ಯಾರ ಜೊತೆಗೂ ಹೆಚ್ಚು ಬೆರೆಯೋದಿಲ್ಲ. ಆದರೆ ಫೇಲಾದವನು ಮನೆಯಲ್ಲಿ ಅವಿತುಕೊಳ್ಳದೆ ಎರಡನೇ ಪರೀಕ್ಷೆಗೆ ಹೋಗಿ ಕೂತ. ಲಾಜರನೂ ಒಂದೊಂದು ಸುತ್ತು ಬಿಚ್ಚಿದ ಹಾಗೇ ಒಂದೊಂದು ಹೆಜ್ಜೆ ಇಟ್ಟಿರಬೇಕು.

4. ವೃತ್ತ ಸಾಲದ ಸಮಯವೂ ಉಂಟು

ಇದನ್ನ ಗಮನ ಇಟ್ಟು ಕೇಳಿ. ಎಲ್ಲಾ ಮಗುವಿಗೂ ಗುಂಪು ಸಾಕಾಗೋದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬೇಡ ಅಂತದೆ, ಆಟ ಬಿಟ್ಟಿದೆ, ತನ್ನ ಇಷ್ಟದ ವಸ್ತುಗಳನ್ನ ಬೇರೆಯವರಿಗೆ ಕೊಟ್ಟುಬಿಡ್ತಿದೆ, ಕೈ ಕುಯ್ದುಕೊಂಡಿದೆ, "ನಾನಿಲ್ಲದಿದ್ರೇ ನಿಮಗೆ ನೆಮ್ಮದಿ" ಅಂತದೆ. ಇದನ್ನ ನಾಟಕ ಅನ್ನಬೇಡಿ. ದೆವ್ವ ಅಂತ ಹೇಳಿ ಉಪವಾಸ ಕೂರಿಸಬೇಡಿ. "ಸಾಯಬೇಕು ಅನ್ನಿಸ್ತಾ ಇದೆಯಾ ಕಂದ?" ಅಂತ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಕೇಳಿದ್ರೆ ಮಗುವಿಗೆ ಹೇಳಿಕೊಳ್ಳೋದಕ್ಕೆ ಬಾಗಿಲು ತೆರೆಯುತ್ತೆ. ಆ ಹೊತ್ತಿನಲ್ಲಿ ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯೋ ಔಷಧಿ ಮನೆಯಲ್ಲಿದ್ದರೆ ಬೀಗ ಹಾಕಿ ಇಡಿ. ರಿಸಲ್ಟಿನ ದಿನ ಮನೇಲಿ ಯಾರಾದರೂ ಇರಲೇಬೇಕು.

ನಮ್ಮ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ರಾತ್ರಿ ಹಗಲು ಯಾವ ಹೊತ್ತಲ್ಲಾದರೂ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರಿಂದ ನಡೀತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮಗುವಿಗೆ ಯಾರಾದರೂ ಹಿಂಸೆ ಕೊಡ್ತಿದ್ದರೆ 1098. ಮಕ್ಕಳೇ, ಈ ಎರಡು ನಂಬರ್ ನಿಮ್ಮ ಬೈಬಲಿನ ಹಿಂದಿನ ಪುಟದಲ್ಲಿ ಈಗಲೇ ಬರ್ಕೊಳ್ಳಿ, ನಾನು ಕಾಯ್ತೀನಿ. [ಸ್ವಲ್ಪ ಹೊತ್ತು ಮೌನ] ಡಾಕ್ಟರ ಹತ್ರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ, ಪೌಲನ ಜೊತೆ ಊರೂರು ತಿರುಗಿದ ಲೂಕನು ವೈದ್ಯನಾಗಿದ್ದ ಅಂತ ಹೇಳಿ. ಕೊಲೊಸ್ಸೆ 4:14.

5. ಹೆಸರು ಬದಲಾಯಿಸಿದ ತಂದೆ

ಕೊನೆಯದಾಗಿ ಆದಿಕಾಂಡ 35:18. ರಾಹೇಲಳು ಹೆರಿಗೆಯಲ್ಲಿ ಸಾಯ್ತಾ ಇದ್ದಾಳೆ. ಆ ನೋವಿನಲ್ಲಿ ಮಗುವಿಗೆ ಬೆನೋನಿ ಅಂತ ಹೆಸರಿಟ್ಟಳು. ನನ್ನ ದುಃಖದ ಮಗ ಅಂತ ಅರ್ಥ. ಪಾಪ, ಅವಳನ್ನ ದೂರೋದಕ್ಕೆ ಆಗೋದಿಲ್ಲ. ಆದರೆ ಆ ಹೆಸರು ಹೊತ್ತು ಮಗು ಬೆಳೆದಿದ್ದರೆ? ಯಾರು ಕೂಗಿದಾಗಲೂ "ನಿನ್ನಿಂದಲೇ ಅಮ್ಮ ಹೋದಳು" ಅಂತ ಕೇಳಿಸ್ತಿತ್ತು. ಯಾಕೋಬ ಏನು ಮಾಡಿದ? ತಾನು ಪ್ರೀತಿಸಿದ ಹೆಂಡತಿ ಸತ್ತ ದುಃಖ ಅವನಿಗಿಲ್ವಾ? ಇತ್ತು. ಆದರೂ ಆ ದುಃಖವನ್ನ ಮಗುವಿನ ಮೇಲೆ ಹೊರಿಸಲಿಲ್ಲ. ಬೆನ್ಯಾಮೀನ್ ಅಂತ ಕರೆದ. ಬಲಗೈಯ ಮಗ!

ಅಪ್ಪಂದಿರೇ, ಸಾಲ ನಿಮ್ಮ ದುಃಖ. ನಾಲೆಯಲ್ಲಿ ನೀರು ಬರಲಿಲ್ಲ, ಕಬ್ಬಿನ ದುಡ್ಡು ಬಾಕಿ ಇದೆ, ಅದು ನಿಮ್ಮ ದುಃಖ. ಅದನ್ನ ಮಗುವಿಗೆ ಹೆಸರಾಗಿ ಇಡಬೇಡಿ. ಇಟ್ಟಿದ್ದರೆ ಇವತ್ತು ಬದಲಾಯಿಸಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಅಪ್ಪ, ಅಮ್ಮ, ನಿಮ್ಮ ಮಗ ಅಥವಾ ಮಗಳ ಭುಜದ ಮೇಲೆ ಕೈಯಿಡಿ. ಮನೆಯವರು ಬಾರದ ಮಕ್ಕಳ ಪಕ್ಕದಲ್ಲಿ ಸಭೆಯ ಹಿರಿಯರು ಹೋಗಿ ನಿಲ್ಲಿ, ಒಬ್ಬ ಮಗುವೂ ಒಂಟಿಯಾಗಿ ನಿಂತಿರಬಾರದು. ಪ್ರಾರ್ಥನೆಗೆ ಮುಂಚೆ, ಈ ವಾರ ಆ ಮಗುವಿನಲ್ಲಿ ನೀವು ಕಣ್ಣಾರೆ ಕಂಡ ಒಂದು ಒಳ್ಳೇದನ್ನ ಅದರ ಕಿವಿಯಲ್ಲಿ ಹೇಳಿ. ಮಾರ್ಕ್ಸಿನ ಮಾತು ಬೇಡ. ಏನೂ ನೆನಪಿಗೆ ಬರದಿದ್ರೆ ಸುಳ್ಳು ಹೇಳಬೇಡಿ, "ಮುಂದಿನ ವಾರ ನೋಡ್ತೀನಿ ಕಂದ" ಅಂತ ಹೇಳಿ, ನಿಜವಾಗಲೂ ನೋಡಿ.

ಪರಲೋಕದ ತಂದೆಯೇ, ನೀನು ಜೀವ ಕೊಟ್ಟ ಈ ಮಕ್ಕಳಿಗಾಗಿ ಸ್ತೋತ್ರ. ನಮ್ಮ ಬಾಯಿಂದ ಬಂದು ಅವರ ಕೈಕಾಲಿಗೆ ಸುತ್ತಿಕೊಂಡ ಮಾತುಗಳನ್ನ ಬಿಚ್ಚೋದಕ್ಕೆ ನಮ್ಮ ಬೆರಳುಗಳಿಗೆ ತಾಳ್ಮೆ ಕೊಡು. ಇಲ್ಲಿಗೆ ಬಾರದೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರೋ ಮಗುವಿನ ಬಾಗಿಲನ್ನ ತಟ್ಟೋದಕ್ಕೆ ಇವತ್ತೇ ಯಾರನ್ನಾದರೂ ಕಳಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ಆಮೆನ್.

ಹೊಸ ಗುಂಪು ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗ್ತದೆ. ಹೆಣ್ಣುಮಕ್ಕಳು ಕತ್ತಲಾಗೋಕೆ ಮುಂಚೆ ಮನೆ ಸೇರಬೇಕು, ಅದಕ್ಕೇ ಆ ಟೈಮು. ಸೇರೋ ಮಕ್ಕಳು ಆ ಸಹೋದರಿಯ ಹತ್ರ ಹೆಸರು ಕೊಡಿ. ಅಪ್ಪ ಅಮ್ಮಂದಿರು ಒಪ್ಪಿಗೆ ಚೀಟಿಗೆ ಸಹಿ ಹಾಕಿ ಕಳಿಸಿ, ಮನೆಗೆ ಬಂದ ಮೇಲೆ "ಒಳಗೆ ಏನ್ ಮಾತಾಡಿದ್ರಿ" ಅಂತ ಕೇಳಬೇಡಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.